‘ಆಗದು’ ಎನ್ನುವುದೂ ಕರ್ತವ್ಯವೇ

ಬೆಂಗಳೂರಿನ ತಂತ್ರಾಂಶ ಕಚೇರಿಗಳಲ್ಲಿ ರಾತ್ರಿ ಹನ್ನೊಂದಕ್ಕೂ ದೀಪ ಉರಿಯುತ್ತಿದ್ದರೆ ಅದನ್ನು ಶ್ರದ್ಧೆಯ ಕುರುಹೆಂದು ನಂಬಿದವರಲ್ಲಿ ನಾನೂ ಒಬ್ಬ. ಆ ನಂಬಿಕೆ ಮುರಿದದ್ದು ಐವರ ತಂಡವೊಂದರ ಮುಖ್ಯಸ್ಥನಾಗಿದ್ದಾಗ.

ಗ್ರಾಹಕ ಸಂಸ್ಥೆಯೊಂದಕ್ಕೆ ಬಿಲ್ಲಿಂಗ್ ತಂತ್ರಾಂಶ ಒಪ್ಪಿಸಲು ಮೂರು ವಾರ ಉಳಿದಿತ್ತು. ಕೆಲಸಕ್ಕೆ ಸೇರಿ ವರ್ಷವೂ ತುಂಬದ ಹುಡುಗಿಯೊಬ್ಬಳು ಬಳಿ ಬಂದು, ‘ಸರ್, ಇಷ್ಟನ್ನೂ ಮುಗಿಸಲಾಗದು. ವರದಿಗಳ ಭಾಗವನ್ನು ಮುಂದಿನ ಕಂತಿಗೆ ಬಿಟ್ಟರೆ ಲೆಕ್ಕದ ಭಾಗವನ್ನಾದರೂ ಸರಿಯಾಗಿ ಪರೀಕ್ಷಿಸಬಹುದು’ ಎಂದಳು. ಯಾರೂ ಹೇಳದಿದ್ದರೂ ಬಾಕಿ ಕೆಲಸವನ್ನೆಲ್ಲ ಪಟ್ಟಿ ಮಾಡಿ ತಂದಿದ್ದಳು. ‘ಮೊದಲು ಕೆಲಸ ಮಾಡಮ್ಮ, ಆಮೇಲೆ ನೋಡೋಣ’ ಎಂದೆ. ಮೇಲಿನವರಿಗೆ ತಿಳಿಸುವ ಧೈರ್ಯ ನನಗಿರಲಿಲ್ಲ. ಬದಲಿಗೆ ಇನ್ನೂ ಐವರನ್ನು ಕೇಳಿ ಪಡೆದೆ.

ಎಡವಿದ್ದು ಅಲ್ಲೇ. ಐಬಿಎಂನ ಒಎಸ್/360 ಯೋಜನೆಯನ್ನು ಮುನ್ನಡೆಸಿದ್ದ ಫ್ರೆಡರಿಕ್ ಬ್ರೂಕ್ಸ್, ತಡವಾದ ಯೋಜನೆಗೆ ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆಂದು 1975ರಲ್ಲೇ ‘ದಿ ಮಿಥಿಕಲ್ ಮ್ಯಾನ್-ಮಂತ್’ ಕೃತಿಯಲ್ಲಿ ಎಚ್ಚರಿಸಿದ್ದರು. ಐವರ ನಡುವೆ ಮಾತುಕತೆಯ ಎಳೆಗಳು 10. ಹತ್ತು ಮಂದಿಯಾದರೆ 45. ಹೊಸಬರಿಗೆ ಕಲಿಸಬೇಕಾದವರು ಹಳಬರೇ. ಆ ಹುಡುಗಿಯ ಹಗಲು ಪಾಠ ಹೇಳುವುದರಲ್ಲಿ, ರಾತ್ರಿ ಕೋಡ್ ಬರೆಯುವುದರಲ್ಲಿ ಕಳೆಯಿತು.

ಗಡುವಿನ ದಿನವೇ ತಂತ್ರಾಂಶವನ್ನು ಒಪ್ಪಿಸಿದೆವು. ಮರುವಾರ ಹೊರಟ ಬಿಲ್ಲುಗಳಲ್ಲಿ ತೆರಿಗೆ ಎರಡು ಬಾರಿ ಸೇರಿತ್ತು. ತಪ್ಪಿದ್ದ ಸಾಲನ್ನು ಬರೆದದ್ದು ನಸುಕಿನ ಮೂರು ಗಂಟೆಗೆ. ಬರೆದವಳ ಹೆಸರೂ ದಾಖಲೆಯಲ್ಲಿತ್ತು. ವಿಚಾರಣೆಯ ಸಭೆಯಲ್ಲಿ ಅವಳು ತಲೆತಗ್ಗಿಸಿ ಕುಳಿತಿದ್ದಳು. ಆ ಪಟ್ಟಿಯ ವಿಷಯವನ್ನು ನಾನು ಎತ್ತಲಿಲ್ಲ. ಎರಡು ತಿಂಗಳಲ್ಲಿ ಅವಳು ಕೆಲಸ ಬಿಟ್ಟಳು.

ಐಟಿ ನೌಕರರ ದುಡಿಮೆಯನ್ನು ದಿನಕ್ಕೆ 14 ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾಪ 2024ರಲ್ಲಿ ಕರ್ನಾಟಕದಲ್ಲಿ ಸುದ್ದಿಯಾಗಿ, ನೌಕರರ ಸಂಘಟನೆ ಅದನ್ನು ವಿರೋಧಿಸಿದಾಗ ನನಗೆ ನೆನಪಾದದ್ದು ಆ ಪಟ್ಟಿಯೇ. ಅಂದು ನಮಗೆ ಗಂಟೆಗಳ ಕೊರತೆಯಿರಲಿಲ್ಲ. ಮೂರು ವಾರ ಮುಂಚೆಯೇ ‘ಇದು ಆಗದು, ಇಷ್ಟು ಆದೀತು’ ಎಂದವಳ ಮಾತಿಗೆ ಕಿವಿಗೊಡುವವರ ಕೊರತೆಯಿತ್ತು. ಸ್ವಯಂಪ್ರೇರಣೆಯಿಂದ ದುಡಿಯುವವರು ಬೇಕೆನ್ನುವ ನಾವು, ಸ್ವಯಂಪ್ರೇರಣೆಯಿಂದ ಮಾತನಾಡಿದವಳನ್ನೇ ಕಳೆದುಕೊಂಡೆವು. ಆ ಸಭೆಯಲ್ಲಿ ತಲೆತಗ್ಗಿಸಬೇಕಾಗಿದ್ದವನು ನಾನು.