ಹಳ್ಳಿಗರೇ ಕಾಪಾಡಿದ ಕೋಂಕ್‌ನ ಇಗರ್ಜಿ

ದಕ್ಷಿಣ ಫ್ರಾನ್ಸ್‌ನ ಅವೇರೋಂ ಜಿಲ್ಲೆಯ ಕಡಿದಾದ ಕಣಿವೆಯಲ್ಲಿ ಕೋಂಕ್ ಎಂಬ ಪುಟ್ಟ ಗ್ರಾಮವಿದೆ. ಕೆಲವೇ ನೂರು ಜನರು ವಾಸಿಸುವ ಈ ಹಳ್ಳಿಯ ಮನೆಗಳ ನಡುವೆ ಮೂರು ಗೋಪುರಗಳ ಭವ್ಯ ಇಗರ್ಜಿಯೊಂದು ನಿಂತಿದೆ. ಅದುವೇ ಸೇಂತ್ ಫ್ವಾ ಇಗರ್ಜಿ. ಇಷ್ಟು ಚಿಕ್ಕ ಊರಿಗೆ ಇಷ್ಟು ದೊಡ್ಡ ದೇವಾಲಯ ಹೇಗೆ ಬಂತು ಎಂಬುದು ಒಂದು ಕಥೆಯಾದರೆ, ಅದು ಹೇಗೆ ಉಳಿಯಿತು ಎಂಬುದು ಇನ್ನೊಂದು ಕಥೆ.

ಫ್ವಾ ಎಂದರೆ ಫ್ರೆಂಚ್ ಭಾಷೆಯಲ್ಲಿ ನಂಬಿಕೆ. ರೋಮನ್ನರ ಕಾಲದಲ್ಲಿ ಅಜೇನ್ ಪಟ್ಟಣದಲ್ಲಿ ಧರ್ಮಕ್ಕಾಗಿ ಪ್ರಾಣ ತೆತ್ತಳೆಂದು ನಂಬಲಾದ ಬಾಲಕಿಯ ಹೆಸರಿದು. 9ನೇ ಶತಮಾನದಲ್ಲಿ ಕೋಂಕ್ ಮಠದ ಸನ್ಯಾಸಿಯೊಬ್ಬ ಅಜೇನ್‌ನಲ್ಲಿದ್ದ ಆಕೆಯ ಅಸ್ಥಿಗಳನ್ನು ಗುಟ್ಟಾಗಿ ಅಪಹರಿಸಿ ತಂದನೆಂದು ಮಠದ ಪರಂಪರೆಯೇ ಹೇಳುತ್ತದೆ. ಸಂತಳ ಸಮ್ಮತಿಯಿಲ್ಲದೆ ಅವು ಸ್ಥಳಾಂತರಗೊಳ್ಳಲಾರವು ಎಂಬುದು ಅಂದಿನ ಭಕ್ತರ ಸಮರ್ಥನೆ.

ಅಸ್ಥಿಗಳಿಗಾಗಿ ಮರದ ಒಡಲಿಗೆ ಬಂಗಾರದ ತಗಡು ಹೊದಿಸಿ, ರತ್ನಗಳನ್ನು ಕೂರಿಸಿದ ಪ್ರತಿಮೆಯೊಂದು ಸಿದ್ಧವಾಯಿತು. ಸುಮಾರು 85 ಸೆಂಟಿಮೀಟರ್ ಎತ್ತರದ ಈ ಪ್ರತಿಮೆಯ ಮುಖ ಅದಕ್ಕಿಂತಲೂ ಹಳೆಯದು, ರೋಮನ್ ಸಾಮ್ರಾಜ್ಯದ ಕೊನೆಗಾಲದ್ದು. 11ನೇ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದ ಆಂಜೆಯ ಬರ್ನಾರ್ಡ್ ಎಂಬ ಪಂಡಿತ ಇದನ್ನು ವಿಗ್ರಹಾರಾಧನೆಯೆಂದು ಮೊದಲು ಗೇಲಿ ಮಾಡಿದ. ಕಡೆಗೆ ಆಕೆಯ ಪವಾಡಗಳ ಗ್ರಂಥವನ್ನು ಬರೆದವನೂ ಆತನೇ!

ಸ್ಪೇನ್‌ನ ಸಾಂತಿಯಾಗೊ ದ ಕೊಂಪೊಸ್ತೆಲಾಕ್ಕೆ ಕಾಲ್ನಡಿಗೆಯಲ್ಲಿ ಸಾಗುವ ಯಾತ್ರಿಕರು ಇಲ್ಲಿ ತಂಗತೊಡಗಿದರು. ಜನಸಂದಣಿ ಹೆಚ್ಚಿದಂತೆ 11ನೇ ಶತಮಾನದ ನಡುಭಾಗದಲ್ಲಿ ಹೊಸ ಇಗರ್ಜಿಯ ನಿರ್ಮಾಣ ಆರಂಭವಾಯಿತು. ಪೂಜೆಗೆ ಭಂಗವಾಗದಂತೆ ಯಾತ್ರಿಕರು ಪೀಠದ ಹಿಂಭಾಗದಿಂದ ಸುತ್ತಿ ಬರಲು ಪ್ರದಕ್ಷಿಣಾ ಪಥವನ್ನೂ ಕಲ್ಪಿಸಲಾಯಿತು.

ಪಶ್ಚಿಮ ದ್ವಾರದ ಮೇಲೆ 12ನೇ ಶತಮಾನದ ಕಲ್ಲಿನ ಕೆತ್ತನೆಯಿದೆ. ಅಂತಿಮ ತೀರ್ಪಿನ ಈ ದೃಶ್ಯದಲ್ಲಿ ನೂರಕ್ಕೂ ಹೆಚ್ಚು ಆಕೃತಿಗಳಿವೆ. ನಡುವೆ ಕ್ರಿಸ್ತ, ಬಲಕ್ಕೆ ಸ್ವರ್ಗ, ಎಡಕ್ಕೆ ನರಕ. ಕೊರಳಿಗೆ ಹಣದ ಚೀಲ ಕಟ್ಟಿ ನೇಣು ಹಾಕಲಾದ ಜಿಪುಣನನ್ನು ಅಕ್ಷರ ಬಾರದ ಯಾತ್ರಿಕನೂ ಗುರುತಿಸಬಲ್ಲವನಾಗಿದ್ದ. ಹಳೆಯ ಬಣ್ಣದ ಕುರುಹುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ.

1789ರ ಕ್ರಾಂತಿಯ ತರುವಾಯ ಫ್ರಾನ್ಸ್‌ನ ಅನೇಕ ಇಗರ್ಜಿಗಳ ಚಿನ್ನ ಬೆಳ್ಳಿ ಕರಗಿ ನಾಣ್ಯವಾಯಿತು. ಆದರೆ ಕೋಂಕ್‌ನ ಜನ ತಮ್ಮ ನಿಧಿಯನ್ನು ಮನೆಗಳಲ್ಲಿ, ತೋಟಗಳಲ್ಲಿ ಬಚ್ಚಿಟ್ಟು, ಅಪಾಯ ಕಳೆದ ಮೇಲೆ ಇಗರ್ಜಿಗೆ ಮರಳಿಸಿದರು. ಬಡ ಗ್ರಾಮಸ್ಥರ ಈ ಪ್ರಾಮಾಣಿಕತೆಯಿಂದಲೇ ಯುರೋಪಿನ ಅಪೂರ್ವ ಮಧ್ಯಯುಗೀನ ನಿಧಿಯೊಂದು ಉಳಿಯಿತು.

ಕಟ್ಟಡ ಮಾತ್ರ ಶಿಥಿಲವಾಗುತ್ತಲೇ ಇತ್ತು. 1837ರಲ್ಲಿ ಸ್ಮಾರಕಗಳ ಸರ್ಕಾರಿ ಪರಿವೀಕ್ಷಕ, ಸಾಹಿತಿ ಪ್ರಾಸ್ಪರ್ ಮೆರಿಮೆ ಇಲ್ಲಿಗೆ ಭೇಟಿ ನೀಡಿ ಅದರ ಮಹತ್ವವನ್ನು ಸರ್ಕಾರದ ಗಮನಕ್ಕೆ ತಂದರು. 1840ರಲ್ಲಿ ಇಗರ್ಜಿ ಐತಿಹಾಸಿಕ ಸ್ಮಾರಕಗಳ ಪಟ್ಟಿಗೆ ಸೇರಿತು. 1998ರಲ್ಲಿ ಸಾಂತಿಯಾಗೊ ಯಾತ್ರಾಮಾರ್ಗದ ಭಾಗವಾಗಿ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆಯೂ ದೊರೆಯಿತು.

ಅದಕ್ಕೂ ಮುನ್ನ, 1994ರಲ್ಲಿ, ಸಮೀಪದ ರೋಡೆಜ್‌ನಲ್ಲಿ ಜನಿಸಿದ ಕಲಾವಿದ ಪಿಯೆರ್ ಸೂಲಾಜ್ ರೂಪಿಸಿದ 104 ಗಾಜಿನ ಕಿಟಕಿಗಳು ಇಲ್ಲಿ ಸ್ಥಾಪನೆಗೊಂಡವು. ಅವುಗಳಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಹೊತ್ತು ಸರಿದಂತೆ ಬೆಳಕೇ ಬಣ್ಣ ಬದಲಿಸುತ್ತದೆ. ಹಳೆಯ ಕಟ್ಟಡಕ್ಕೆ ಹೊಸ ಕಲೆ ಸಲ್ಲದೆಂಬ ಆಕ್ಷೇಪ ಅಂದು ಕೇಳಿಬಂದಿತ್ತು. ಇಂದು ಆ ಕಿಟಕಿಗಳನ್ನು ನೋಡಲೆಂದೇ ಬರುವವರಿದ್ದಾರೆ.

ಪಟ್ಟಿಗೆ ಸೇರಿಸುವುದು ಸರ್ಕಾರದ ಕೆಲಸ. ಆದರೆ ಪಟ್ಟಿಯೇ ಇಲ್ಲದ ಕಾಲದಲ್ಲಿ ಪರಂಪರೆಯನ್ನು ಕಾದವರು ಅದರ ನೆರಳಿನಲ್ಲಿ ಬದುಕಿದ ಜನ ಎಂಬುದನ್ನು ಕೋಂಕ್ ನೆನಪಿಸುತ್ತದೆ.