ಶಸ್ತ್ರಚಿಕಿತ್ಸೆಯಾದ ಬೆಕ್ಕಿನ ಮರಿಗೆ ಮನೆಯ ಆರೈಕೆ

ಅಂತರಸಂತೆಯ ಸುತ್ತಲಿನ ಹಳ್ಳಿಗಳಲ್ಲಿ ರಾಗಿ, ಹುರುಳಿ, ಮುಸುಕಿನ ಜೋಳ ತುಂಬಿದ ಮನೆಯಲ್ಲಿ ಬೆಕ್ಕಿಗೂ ಒಂದು ಸ್ಥಾನವುಂಟು. ಇಲಿಗಳಿಂದ ಕಾಳನ್ನು ಕಾಯುವುದು ಅದರ ಕಾಯಕ. ಆದರೆ ಹೆಣ್ಣು ಮರಿಯು ನಾಲ್ಕೈದು ತಿಂಗಳಿಗೇ ಗರ್ಭ ಧರಿಸಬಲ್ಲದು. ಸುಮಾರು ಎರಡು ತಿಂಗಳಲ್ಲಿ ಈಯುತ್ತದೆ. ವರ್ಷಕ್ಕೆ ಎರಡು ಮೂರು ಸಲ ಮರಿ ಹಾಕುವುದೂ ಉಂಟು. ಸಾಕಲಾಗದ ಮರಿಗಳನ್ನು ಚೀಲದಲ್ಲಿ ತುಂಬಿ ರಸ್ತೆಯ ಬದಿಗೋ ನಾಗರಹೊಳೆಯ ಕಾಡಂಚಿಗೋ ಬಿಟ್ಟುಬರುವುದು ಹಸಿವಿಗೆ, ನಾಯಿಗೆ, ಚಿರತೆಗೆ ಅವುಗಳನ್ನು ಒಪ್ಪಿಸಿದಂತೆಯೇ ಸರಿ. ಅದಕ್ಕಿಂತ ಸಕಾಲದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ದಯೆಯ ಮಾರ್ಗ.

ಶಸ್ತ್ರಚಿಕಿತ್ಸೆ ಮುಗಿಯಲು ಹೆಚ್ಚು ಹೊತ್ತು ಬೇಡ. ಗಾಯ ಮಾಯಲು ಮಾತ್ರ 10ರಿಂದ 14 ದಿನ ಬೇಕು. ಆ ದಿನಗಳು ವೈದ್ಯರ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿವೆ. ಈ ಅವಧಿಯಲ್ಲಿ ಮರಿಗೆ ಕೇಡಾಗುವುದು ನಿರ್ಲಕ್ಷ್ಯದಿಂದ ಮಾತ್ರವಲ್ಲ, ಅರಿವಿಲ್ಲದ ಅಕ್ಕರೆಯಿಂದಲೂ ಆಗುತ್ತದೆ.

ಮೊದಲ ದಿನ

ಅರಿವಳಿಕೆ ಇಳಿಯುವವರೆಗೆ ಮರಿ ತೂರಾಡುತ್ತದೆ. ಅದರ ಮೈ ಬೇಗ ತಣ್ಣಗಾಗುವುದರಿಂದ, ನೆಲಮಟ್ಟದಲ್ಲಿ, ಗಾಳಿ ನುಗ್ಗದ ಮೂಲೆಯಲ್ಲಿ ಹಳೆಯ ಹತ್ತಿಬಟ್ಟೆ ಹಾಸಿ ಮಲಗಿಸಬೇಕು. ಬಿಸಿನೀರಿನ ಶೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಬಹುದು. ಮೈಗೆ ನೇರವಾಗಿ ತಾಗಿಸಬಾರದು. ಮಂಪರಿನಲ್ಲಿರುವಾಗ ಬಾಯಿಗೆ ನೀರನ್ನಾಗಲಿ ಹಾಲನ್ನಾಗಲಿ ಹುಯ್ದರೆ ಅದು ಶ್ವಾಸಕೋಶಕ್ಕೆ ಇಳಿದೀತು. ತಲೆಯೆತ್ತಿ ಸ್ಥಿರವಾಗಿ ನಡೆಯತೊಡಗಿದ ಮೇಲೆ ಎಂದಿನ ಆಹಾರದ ಅರ್ಧದಷ್ಟನ್ನು ಕೊಡಬೇಕು. ಎಳೆಯ ಮರಿಯ ಮೈಯಲ್ಲಿ ಶಕ್ತಿಯ ಸಂಗ್ರಹ ಕಡಿಮೆ. ದೀರ್ಘಕಾಲದ ಉಪವಾಸ ಅದಕ್ಕೆ ಅಪಾಯಕರ. ಆಸ್ಪತ್ರೆಯ ವಾಸನೆಗೆ ಮನೆಯ ಇತರ ಬೆಕ್ಕುಗಳು ಅದರ ಮೇಲೆ ಗುರ್ರೆನ್ನಬಹುದು. ಒಂದೆರಡು ದಿನ ಬೇರೆಯಾಗಿಡುವುದು ಒಳಿತು.

ಗಾಯದ ಕಾವಲು

ಎರಡು ದಿನಗಳಲ್ಲೇ ಮರಿ ಆಟಕ್ಕೆ ಎದ್ದೀತು. ಒಳಗಿನ ಹೊಲಿಗೆ ಇನ್ನೂ ಕೂಡಿಕೊಂಡಿರುವುದಿಲ್ಲ. ಅಟ್ಟ ಏರಲು, ಗೋಡೆ ಹಾರಲು ಬಿಡದೆ ಒಂದು ಕೋಣೆಯಲ್ಲಿರಿಸಬೇಕು. ನೆಕ್ಕಿದರೆ ಗಾಯ ಒಣಗುತ್ತದೆಂಬ ನಂಬಿಕೆ ತಪ್ಪು. ಒರಟು ನಾಲಿಗೆ ಹೊಲಿಗೆಯನ್ನು ಬಿಚ್ಚುತ್ತದೆ, ಬಾಯಿಯ ರೋಗಾಣುಗಳು ಒಳಸೇರುತ್ತವೆ. ವೈದ್ಯರು ಕೊಟ್ಟ ಕೊರಳಪಟ್ಟಿಯನ್ನು ಅವರು ಹೇಳಿದಷ್ಟು ದಿನವೂ ತೊಡಿಸಿರಬೇಕು.

ತಣ್ಣಗಾದ ಒಲೆಯ ಬೂದಿಯಲ್ಲಿ ಮಲಗುವುದು ಹಳ್ಳಿಯ ಬೆಕ್ಕಿಗೆ ಪ್ರಿಯ. ಗಾಯ ಮಾಯುವವರೆಗೆ ಒಲೆಯ ಬಾಯಿಗೆ ಹಲಗೆ ಅಡ್ಡವಿಡಬೇಕು. ಮಲಮೂತ್ರಕ್ಕೂ ಮರಳು, ಬೂದಿಗಳ ಬದಲು ಹರಿದ ಕಾಗದದ ಚೂರುಗಳನ್ನು ಹಾಕಿದರೆ ಗಾಯಕ್ಕೆ ಏನೂ ಅಂಟದು. ಸ್ನಾನ ಮಾಡಿಸಕೂಡದು. ಅರಿಸಿನ, ಬೇವಿನೆಣ್ಣೆ, ಸುಣ್ಣ, ಸೀಮೆಎಣ್ಣೆ ಯಾವುದನ್ನೂ ಹಚ್ಚಬಾರದು. ಮೈಗೆ ಹಚ್ಚಿದ್ದೆಲ್ಲವೂ ನೆಕ್ಕುವ ಬೆಕ್ಕಿನ ಹೊಟ್ಟೆಗೆ ಸೇರುತ್ತದೆ. ನೆಲಕ್ಕೆ ಫಿನಾಯಿಲನ್ನೂ ಬಳಸದಿರುವುದು ಲೇಸು.

ಆಹಾರ

ಇದು ನಮ್ಮಂತಹ ಸಸ್ಯಾಹಾರಿ ಮನೆಗಳಲ್ಲಿ ಸಂಕೋಚ ಹುಟ್ಟಿಸುವ ವಿಷಯ, ಆದರೂ ಹೇಳಲೇಬೇಕು. ಬೆಕ್ಕಿನ ದೇಹ ಮಾಂಸಾಹಾರಕ್ಕೆಂದೇ ರಚಿತವಾದದ್ದು. ಅದರ ಕಣ್ಣಿಗೂ ಹೃದಯಕ್ಕೂ ಅತ್ಯಗತ್ಯವಾದ ಟಾರಿನ್ ಎಂಬ ಅಂಶ ಅನ್ನದಲ್ಲಾಗಲಿ ಬೇಳೆಯಲ್ಲಾಗಲಿ ದೊರೆಯದು. ಹಸುವಿನ ಹಾಲು ಅನೇಕ ಬೆಕ್ಕುಗಳಿಗೆ ಭೇದಿ ಮಾಡಿಸುತ್ತದೆ. ಹಾಲನ್ನದಲ್ಲೇ ಬೆಳೆದ ಮರಿಯೂ ಹೊರಗೆ ಇಲಿ ಹಿಡಿದು ಕೊರತೆ ತುಂಬಿಕೊಳ್ಳುತ್ತಿರುತ್ತದೆ. ಕೋಣೆಯಲ್ಲಿ ಕೂಡಿಹಾಕಿದಾಗ ಆ ದಾರಿ ಮುಚ್ಚುತ್ತದೆ. ಅಡುಗೆಮನೆಯ ಆಚಾರವನ್ನು ಕೆಡಿಸದೆಯೇ, ಅಂಗಡಿಯಲ್ಲಿ ದೊರೆಯುವ ಬೆಕ್ಕಿನ ಮರಿಗಳ ಸಿದ್ಧ ಆಹಾರವನ್ನು ಬೇರೆ ತಟ್ಟೆಯಲ್ಲಿ ಕೊಡಬಹುದು. ನಾಯಿಗಳ ಆಹಾರ ಇದಕ್ಕೆ ಬದಲಿಯಲ್ಲ. ನಮ್ಮ ವ್ರತ ನಮ್ಮದು. ಅದನ್ನು ಮೂಕಪ್ರಾಣಿಯ ಮೇಲೆ ಹೇರುವುದು ಧರ್ಮವೆನಿಸದು.

ಕೊಡಲೇಬಾರದ ಮಾತ್ರೆ

ಮರಿ ನರಳುವುದನ್ನು ನೋಡಲಾರದೆ ಮನೆಯಲ್ಲಿರುವ ಜ್ವರದ ಮಾತ್ರೆಯ ಚೂರನ್ನು ಕೊಡುವವರುಂಟು. ಮನುಷ್ಯರ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವೆನ್ನುವಷ್ಟು ಕಡಿಮೆ. ರಕ್ತ ಪ್ರಾಣವಾಯುವನ್ನು ಹೊರಲಾರದಾಗುತ್ತದೆ, ವಸಡು ಕಂದುಗಟ್ಟುತ್ತದೆ, ಮುಖ ಊದುತ್ತದೆ. ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಕೂಡ ವರ್ಜ್ಯ. ನೋವಿನ ಔಷಧವನ್ನು ಪಶುವೈದ್ಯರೇ ಮರಿಯ ತೂಕ ನೋಡಿ ಕೊಡಬೇಕು.

ತಡಮಾಡಬಾರದ ಲಕ್ಷಣಗಳು

ಮೊದಲ ಒಂದೆರಡು ದಿನ ಗಾಯದ ಅಂಚು ತುಸು ಕೆಂಪಾಗಿರುವುದು ಸಹಜ. ಗಂಡು ಮರಿಯ ಗಾಯಕ್ಕೆ ಎಷ್ಟೋ ವೇಳೆ ಹೊಲಿಗೆಯನ್ನೇ ಹಾಕಿರುವುದಿಲ್ಲ. ಅದಕ್ಕೆ ಗಾಬರಿ ಬೇಡ. ಆದರೆ ರಕ್ತ ತೊಟ್ಟಿಕ್ಕುವುದು, ಕೀವು, ದುರ್ವಾಸನೆ, ಬಾಯಿಬಿಟ್ಟ ಗಾಯ, ಬಿಳಿಚಿದ ವಸಡು, ಬಿಡದ ವಾಂತಿ, ಏದುಸಿರು ಕಂಡಲ್ಲಿ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು. ಮನೆಗೆ ಬಂದ ಮಾರನೆಯ ದಿನವೂ ಮೂತ್ರ ಮಾಡದಿದ್ದರೆ, ಆಹಾರ ಮುಟ್ಟದಿದ್ದರೆ ಕಾಯುತ್ತ ಕೂರಬಾರದು. ಹೆಗ್ಗಡದೇವನಕೋಟೆಯ ತಾಲ್ಲೂಕು ಪಶು ಆಸ್ಪತ್ರೆಯನ್ನು ಕೇಳಬಹುದು. ಪಶುಚಿಕಿತ್ಸಾ ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು. ಹೊಲಿಗೆ ತೆಗೆಸಲು ಹೋದಾಗ ರೇಬಿಸ್ ಲಸಿಕೆಯ ಬಗ್ಗೆಯೂ ವಿಚಾರಿಸಬೇಕು. ಆರೈಕೆಯಲ್ಲಿ ಮರಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ಅರಿವು ಮತ್ತು ಆಚಾರ ಬೇರೆಯಾಗಬಾರದೆಂಬುದು ಶರಣಮಾರ್ಗದ ತಿಳಿವಳಿಕೆ. ದಯೆಗೂ ಈ ಮಾತು ಸಲ್ಲುತ್ತದೆ. ನೋವನ್ನು ಹೇಳಿಕೊಳ್ಳಲಾರದ ಪುಟ್ಟ ಜೀವವೊಂದು ಎರಡು ವಾರ ನಮ್ಮನ್ನು ನಂಬಿ ಮಲಗಿರುತ್ತದೆ. ದಿನಕ್ಕೆ ಎರಡು ಬಾರಿ ಅದರ ಗಾಯವನ್ನು ಕಣ್ಣಾರೆ ನೋಡುವಷ್ಟು ವ್ಯವಧಾನವನ್ನು ನಾವು ರೂಢಿಸಿಕೊಳ್ಳೋಣ.