‘ಒಮ್ಮೊಮ್ಮೆ ಬ್ರೇಕ್ ಹಿಡಿಯುವುದಿಲ್ಲ’ – ಹಳೆಯ ಪಿಕಪ್ ಇಟ್ಟುಕೊಂಡವರ ಗಮನಕ್ಕೆ

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಹೋಟೆಲ್ ನಡೆಸುವ ನಮ್ಮ ಕನ್ನಡ ಬಂಧುಗಳಲ್ಲಿ ಹಲವರಿಗೆ ಗಲ್ಲಾದ ವ್ಯಾಪಾರದಷ್ಟೇ ಹೊರಗಿನ ಪಾರ್ಟಿ ಆರ್ಡರ್ ಕೂಡ ಮುಖ್ಯ. ಮದುವೆ, ಸೀಮಂತ, ಗೃಹಪ್ರವೇಶ, ಕಾರ್ಖಾನೆಯ ಊಟ, ಎಲ್ಲಿಗೆ ಹೋಗುವುದಿದ್ದರೂ ಒಂದು ಡೀಸೆಲ್ ಪಿಕಪ್ ಬೇಕೇ ಬೇಕು. ಹತ್ತು ಹನ್ನೆರಡು ವರ್ಷ ದುಡಿದ ಗಾಡಿಯನ್ನು ಮಾರಲು ಮನಸ್ಸು ಬರುವುದಿಲ್ಲ. ಎಂಜಿನ್ ಗಟ್ಟಿಯಿದ್ದರೆ ಮಾರಬೇಕಾದ ಅಗತ್ಯವೂ ಇಲ್ಲ. ಆದರೆ ಇಂಥ ಗಾಡಿಗಳಲ್ಲಿ ಕಾಣಿಸಿಕೊಳ್ಳುವ ಒಂದು ತೊಂದರೆಯನ್ನು ಮಾತ್ರ ಯಾರೂ ಹಗುರವಾಗಿ ಕಾಣಬಾರದು. ಅದೇ ಒಮ್ಮೆ ಹಿಡಿದು ಇನ್ನೊಮ್ಮೆ ಹಿಡಿಯದ ಬ್ರೇಕ್.

ಬ್ರೇಕ್ ಪೂರ್ತಿ ಕೆಟ್ಟರೆ ಗಾಡಿ ಅಂಗಳ ಬಿಟ್ಟು ಹೊರಡುವುದೇ ಇಲ್ಲ. ಒಮ್ಮೊಮ್ಮೆ ಕೈಕೊಡುವ ಬ್ರೇಕ್ ಹಾಗಲ್ಲ. ಮೆಕ್ಯಾನಿಕ್ ನೋಡುವಾಗ ಗಾಡಿ ಖಾಲಿ, ಎಂಜಿನ್ ತಣ್ಣಗೆ, ಬ್ರೇಕ್ ಸರಿಯಾಗಿಯೇ ಇರುತ್ತದೆ. “ಏನೂ ಇಲ್ಲ ಶೇಠ್, ಡ್ರೈವರಿಗೆ ಹೆದರಿಕೆ” ಎಂದು ಗಾಡಿ ವಾಪಸು ಬರುತ್ತದೆ. ಡ್ರೈವರನ ಮಾತಿಗೆ ಬೆಲೆಯಿಲ್ಲದಂತಾಗುತ್ತದೆ.

ನಮ್ಮ ಪಿಕಪ್‌ನಲ್ಲಿ ಆದದ್ದೂ ಇದೇ. ಮೊದಲ ಸಲ ಗ್ಯಾರೇಜಿನವರು ಬ್ರೇಕ್ ಆಯಿಲ್ ತುಂಬಿ ಕಳುಹಿಸಿದರು. ಎರಡನೇ ಸಲ ನಾಲ್ಕೂ ಚಕ್ರದ ಲೈನರ್ ಬದಲಾಯಿಸಿದರು. ಮೂರನೇ ಸಲ ಮಾಸ್ಟರ್ ಸಿಲಿಂಡರ್ ಹೊಸದು ಹಾಕಿದರು. ನಾಲ್ಕನೇ ಸಲವೂ ದೂರು ಬಂದಾಗ ನಾವು ಗಾಡಿ ನಿಲ್ಲಿಸಿ, ಆರ್ಡರಿಗೆ ಬಾಡಿಗೆ ಟೆಂಪೋ ಗೊತ್ತುಮಾಡಿ, ಡ್ರೈವರನನ್ನು ಕೂರಿಸಿಕೊಂಡು ನಾಲ್ಕೂ ಘಟನೆಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡೆವು. ಎಲ್ಲಿ? ಎಷ್ಟು ಹೊತ್ತು ಓಡಿದ ಮೇಲೆ? ಎಷ್ಟು ಲೋಡು? ಪೆಡಲ್ ಗಟ್ಟಿಯಾಗಿತ್ತೋ, ಮೆತ್ತಗಿತ್ತೋ, ಕೆಳಗಿಳಿದು ಹೋಯಿತೋ?

ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ವಿಷಯ ತಾನಾಗಿ ಹೊರಬಿತ್ತು. ಎರಡು ಸಲ ನಾರೋಲ್ ಹತ್ತಿರ, ಒಮ್ಮೆ ವಡೋದರಾದ ಗೋಲ್ಡನ್ ಚೋಕಡಿಯಲ್ಲಿ, ಒಮ್ಮೆ ಸೂರತ್‌ಗೆ ಮೊದಲಿನ ಕಾಮ್ರೇಜ್‌ನಲ್ಲಿ. ನಾಲ್ಕೂ ಸಲ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿ, ಎಂಜಿನ್ ಕಾದ ಮೇಲೆ, ಟ್ರಾಫಿಕ್‌ನಲ್ಲಿ ಮೇಲಿಂದ ಮೇಲೆ ಬ್ರೇಕ್ ಒತ್ತುವಾಗ ಆದದ್ದು. ನಾಲ್ಕೂ ಸಲ ಪೆಡಲ್ ಕಲ್ಲಿನಂತೆ ಗಟ್ಟಿ. ಬೆಳಿಗ್ಗೆ ಜಮಾಲ್‌ಪುರ ಮಾರುಕಟ್ಟೆಗೆ ತರಕಾರಿಗೆ ಹೋಗುವಾಗ ಒಮ್ಮೆಯೂ ಆಗಿರಲಿಲ್ಲ.

ಪೆಡಲ್ ಗಟ್ಟಿಯಾದರೆ ಆಯಿಲ್, ಲೈನರ್‌ಗಿಂತ ಮೊದಲು ಬೂಸ್ಟರ್ ಕಡೆ ನೋಡಬೇಕು. ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬೂಸ್ಟರ್ ಕೆಲಸ ಮಾಡುವುದು ವ್ಯಾಕ್ಯೂಮ್‌ನಿಂದ, ಅಂದರೆ ಗಾಳಿ ಎಳೆದು ಉಂಟುಮಾಡಿದ ನಿರ್ವಾತದಿಂದ. ಪೆಟ್ರೋಲ್ ಗಾಡಿಯಲ್ಲಿ ಎಂಜಿನ್ನೇ ಈ ಎಳೆತ ಕೊಡುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಅದು ಸಾಕಷ್ಟು ಸಿಗದ ಕಾರಣ ಬೇರೆ ವ್ಯಾಕ್ಯೂಮ್ ಪಂಪ್ ಇರುತ್ತದೆ. ಹಲವು ಪಿಕಪ್‌ಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೇ ಕೂತಿದ್ದು, ಅದೇ ಬೆಲ್ಟಿನಿಂದ ತಿರುಗುತ್ತದೆ. ಅಲ್ಲಿಂದ ಬೂಸ್ಟರಿಗೆ ಒಂದು ರಬ್ಬರ್ ಪೈಪು.

ಬೇರೊಬ್ಬ ಮಿಸ್ತ್ರಿ ಗ್ಯಾರೇಜಿನ ಅಂಗಳದಲ್ಲೇ ಗಾಡಿಯನ್ನು ಮುಕ್ಕಾಲು ಗಂಟೆ ಚಾಲೂ ಇಟ್ಟು, ಎಂಜಿನ್ ಕಾದ ಮೇಲೆ ಬೇಗ ಬೇಗನೆ ಪೆಡಲ್ ಒತ್ತಿಸಿದರು. ಆರನೆಯ ಸಲಕ್ಕೆ ಪೆಡಲ್ ಗಟ್ಟಿಯಾಯಿತು. ಬಾನೆಟ್ ಎತ್ತಿದಾಗ ಆ ರಬ್ಬರ್ ಪೈಪು ಚಪ್ಪಟೆಯಾಗಿ ಅಂಟಿಕೊಂಡದ್ದು ಕಣ್ಣಿಗೇ ಕಂಡಿತು. ಹಿಂದೆ ಯಾರೋ ವ್ಯಾಕ್ಯೂಮ್ ಪೈಪಿನ ಜಾಗದಲ್ಲಿ ತೆಳುವಾದ ನೀರಿನ ಪೈಪು ಹಾಕಿದ್ದರು. ತಣ್ಣಗಿದ್ದಾಗ ಗಟ್ಟಿ, ಕಾದಾಗ ಮೆತ್ತಗಾಗಿ ಒಳಗಿನ ಎಳೆತಕ್ಕೆ ಮುಚ್ಚಿಕೊಳ್ಳುತ್ತಿತ್ತು. ಸರಿಯಾದ ಪೈಪು ಹಾಕಿದ ಮೇಲೆ ಆ ದೂರು ಮತ್ತೆ ಬರಲಿಲ್ಲ. ಅಷ್ಟರಲ್ಲಿ ಆ ಚಿಕ್ಕ ಪೈಪಿಗಾಗಿ ಮೂರು ದೊಡ್ಡ ಬಿಲ್ಲು ಕಟ್ಟಿಯಾಗಿತ್ತು.

ಪೆಡಲ್ ಹೇಳುವುದನ್ನು ಕೇಳಿ

ಎಲ್ಲರ ಗಾಡಿಯಲ್ಲೂ ಪೈಪೇ ಕಾರಣ ಎಂದಲ್ಲ. ಆದರೆ ಪೆಡಲ್ ಹೇಗಿತ್ತು ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಪೆಡಲ್ ಗಟ್ಟಿಯಾದರೆ: ವ್ಯಾಕ್ಯೂಮ್ ಪೈಪು, ಅದರ ಒಮ್ಮುಖ ವಾಲ್ವ್, ಪಂಪ್, ಸಡಿಲಾದ ಬೆಲ್ಟ್, ಬೂಸ್ಟರ್ ಒಳಗಿನ ಹರಿದ ರಬ್ಬರ್, ಇವನ್ನು ನೋಡಬೇಕು. ಮಳೆಯಲ್ಲಿ ಮಾತ್ರ ಆಗುತ್ತಿದ್ದರೆ ಬೆಲ್ಟ್ ಜಾರುತ್ತಿರಬಹುದು. ಪರೀಕ್ಷೆ ಸುಲಭ. ಎಂಜಿನ್ ಬಂದ್ ಮಾಡಿ ಐದಾರು ಸಲ ಪೆಡಲ್ ಒತ್ತಿ, ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರಿಗೆ ಬಲ ಬರುತ್ತಿಲ್ಲ. ಇದನ್ನು ತಣ್ಣಗಿದ್ದಾಗ ಒಮ್ಮೆ, ಕಾದ ಮೇಲೆ ಒಮ್ಮೆ ಮಾಡಿಸಿ.

ಪೆಡಲ್ ನಿಧಾನವಾಗಿ ಕೆಳಗಿಳಿದರೆ: ಮಾಸ್ಟರ್ ಸಿಲಿಂಡರಿನ ಒಳಗಿನ ವಾಶರ್ ಸವೆದಿರಬಹುದು. ಇಂಥದ್ದರಲ್ಲಿ ಜೋರಾಗಿ ಒತ್ತಿದರೆ ಹಿಡಿಯುತ್ತದೆ, ಸಿಗ್ನಲ್‌ನಲ್ಲಿ ಮೆಲ್ಲಗೆ ಒತ್ತಿ ಹಿಡಿದರೆ ಇಳಿಯುತ್ತದೆ. ಆಯಿಲ್ ಮಟ್ಟವೂ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಚಕ್ರಗಳ ಒಳಬದಿ ನೋಡಿಸಿ. ಅಲ್ಲಿ ಒಣಗಿದ್ದರೆ ಮಾಸ್ಟರ್ ಸಿಲಿಂಡರಿನಿಂದ ಬೂಸ್ಟರ್ ಒಳಗೇ ಸೋರುತ್ತಿರಬಹುದು, ಅದು ಹೊರಗೆ ಕಾಣುವುದಿಲ್ಲ. ಬರೀ ಆಯಿಲ್ ತುಂಬಿ ಕಳುಹಿಸುವುದು ರಿಪೇರಿಯಲ್ಲ.

ಪೆಡಲ್ ಸ್ಪಂಜಿನಂತೆ ಮೆತ್ತಗಾದರೆ: ಲೈನಿನಲ್ಲಿ ಗಾಳಿ ಸೇರಿರಬೇಕು, ಇಲ್ಲವೇ ಆಯಿಲ್ ಕುದ್ದಿರಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಆಯಿಲ್ ಹೊಸತಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮ. ನೀರು ಹೀರಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ಕುದ್ದು ಆವಿಯಾದರೆ ಪೆಡಲ್ ಸತ್ತಂತಾಗುತ್ತದೆ, ತಣಿದರೆ ಮತ್ತೆ ಸರಿ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಹಳೆಯ ಆಯಿಲ್ ಪೂರ್ತಿ ತೆಗೆಸಿ ಹೊಸದು ಹಾಕಿಸಬೇಕು.

ಗಾಡಿ ಒಂದು ಬದಿಗೆ ಎಳೆದರೆ: ದೋಷ ಒಂದೇ ಚಕ್ರದಲ್ಲಿದೆ. ಡ್ರಮ್ ಒಳಗೆ ಆಯಿಲ್ ಅಥವಾ ನೀರು ಹೋಗಿರಬಹುದು. ಸೂರತ್‌ನಲ್ಲಿ 2006ರ ಆಗಸ್ಟ್‌ನಲ್ಲಿ ತಾಪಿಯ ನೆರೆ, ವಡೋದರಾದಲ್ಲಿ 2024ರ ಆಗಸ್ಟ್‌ನಲ್ಲಿ ವಿಶ್ವಾಮಿತ್ರಿಯ ನೆರೆ ಕಂಡವರಿಗೆ ನೀರಿನಲ್ಲಿ ಮುಳುಗಿದ ಗಾಡಿಯ ಪಾಡು ಗೊತ್ತು. ಅಂಥ ಗಾಡಿಯ ಡ್ರಮ್ ಬಿಚ್ಚಿಸದೆ ಓಡಿಸಬಾರದು.

ಲೋಡಿನ ಲೆಕ್ಕ

ನಮ್ಮ ಸಾಮಾನು ನೋಡಲು ಹಗುರ, ತೂಗಿದರೆ ಭಾರ. 20 ಲೀಟರಿನ 40 ಕ್ಯಾನ್ ಎಂದರೆ ನೀರೇ 800 ಕಿಲೊ. ಅದರ ಮೇಲೆ 19 ಕಿಲೊ ಗ್ಯಾಸಿನ ಸಿಲಿಂಡರುಗಳು, ಗ್ರೈಂಡರ್, ಇಡ್ಲಿ ಹಿಟ್ಟು, ಸಾಂಬಾರಿನ ಡಬರಿ. ಖಾಲಿ ಗಾಡಿಯಲ್ಲಿ ಸಾಕೆನಿಸುವ ಬ್ರೇಕ್ ಈ ಭಾರಕ್ಕೆ ಸಾಲದು. ಇದರ ನಡುವೆ ಹಿಂದೆ ಹುಡುಗರನ್ನು ಕೂರಿಸಲೇಬಾರದು. ಗಾಡಿ ಗುದ್ದಿದರೆ ಕುದಿಯುವ ಸಾಂಬಾರು ಬೀಳುವುದು ಅವರ ಮೈಮೇಲೆ.

ಡ್ರೈವರಿಗೆ ಹೇಳಿಕೊಡಿ

ಡೀಸೆಲ್ ಉಳಿಸಲು ಫ್ಲೈಓವರ್ ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡುವ ಚಾಳಿ ಕೆಲವರಿಗಿದೆ. ಎಂಜಿನ್ ನಿಂತರೆ ಪಂಪ್ ನಿಂತಿತು. ಉಳಿದ ವ್ಯಾಕ್ಯೂಮ್ ಎರಡು ಮೂರು ಬ್ರೇಕಿಗೆ ಮಾತ್ರ. ಇದನ್ನು ಕಡ್ಡಾಯವಾಗಿ ನಿಲ್ಲಿಸಿ. ದಾರಿಯಲ್ಲಿ ಪೆಡಲ್ ಗಟ್ಟಿಯಾದರೆ ಬಿಟ್ಟು ಬಿಟ್ಟು ಒತ್ತದೆ ಎರಡೂ ಕಾಲಿನಿಂದ ಒತ್ತಿ ಹಿಡಿಯಬೇಕು. ಮೆತ್ತಗಾಗಿ ಕೆಳಗಿಳಿದರೆ ಬೇಗ ಬೇಗ ಒತ್ತಬೇಕು. ಎರಡರಲ್ಲೂ ಗೇರ್ ಒಂದೊಂದಾಗಿ ಇಳಿಸಿ, ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೆದು, ಎಡಬದಿಗೆ ತಂದು ನಿಲ್ಲಿಸಬೇಕು. ನಿಂತ ಮೇಲೆ ಗಾಡಿ ಮುಂದಕ್ಕೆ ಹೋಗಬಾರದು.

ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು. ಆದರೆ ಅದು ಆ ದಿನದ ತಪಾಸಣೆಗೆ ಮಾತ್ರ ಸಾಕ್ಷಿ. ಮುಂದಿನ ದಿನಗಳ ಸಾಕ್ಷಿ ನಮ್ಮ ಡ್ರೈವರ್. ಗಾಡಿಯಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಟು, ಬ್ರೇಕಿನಲ್ಲಿ ವ್ಯತ್ಯಾಸ ಕಂಡ ಕೂಡಲೇ ಸ್ಥಳ, ಸಮಯ, ಲೋಡು, ಪೆಡಲಿನ ಸ್ಥಿತಿ ಬರೆಯಲು ಹೇಳಿ. ಕಾರಣ ಸಿಗುವವರೆಗೆ ಗಾಡಿ ಹೊರಡಿಸಬೇಡಿ. ಹೆದರಿ ಗಾಡಿ ನಿಲ್ಲಿಸಿದ ಡ್ರೈವರನನ್ನು ಬೈಯಬೇಡಿ. ಪಂಕ್ತಿ ಅರ್ಧ ಗಂಟೆ ತಡವಾದರೆ ಪಾರ್ಟಿಯವರಿಗೆ ಕೈಮುಗಿದು ಸಮಾಧಾನ ಹೇಳಬಹುದು. ಊರಿನಿಂದ ನಮ್ಮನ್ನೇ ನಂಬಿ ಬಂದ ಹುಡುಗನ ಮನೆಯವರಿಗೆ ಹೇಳಲು ಮಾತು ಸಿಗುವುದಿಲ್ಲ.